ಖಾಲಿ ತೋಟಾ ತುಂಬುವ ಕೆಲಸ

ಅಡಕತ್ತರಿ ಕಾಣದ ಮನೆ ನಮ್ಮ ಮಲೆನಾಡಿನ ಕಡೆ ಇರಲಾರದು. ಎರಡು ಹಿಡಿ, ತುದಿಯಲ್ಲಿ ಒಂದು ಕೀಲು, ಒತ್ತಿದರೆ ಕಟಕ್ಕನೆ ಅಡಕೆ ಎರಡು ಹೋಳು. ಹೆಚ್ಚುಕಡಿಮೆ ಇದೇ ರೂಪದ ಕಬ್ಬಿಣದ ಸಾಧನವೊಂದು ಅಮೆರಿಕದ ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಬಾಯಿಗೆ ಕೊಡುವುದು ಅಡಕೆಯನ್ನಲ್ಲ, ಬಂದೂಕಿನ ಖಾಲಿ ತೋಟಾವನ್ನು. ಒಮ್ಮೆ ಹಾರಿಸಿ ಮುಗಿದ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಸಾಧನ ಅದು. ಇಂಥವನ್ನು ಹುಡುಕಿ, ತುಕ್ಕು ಬಿಡಿಸಿ, ಎಣ್ಣೆ ಹಚ್ಚಿ ಕೂಡಿಡುವವರ ಸಂಘವೇ ಆ ದೇಶದಲ್ಲಿದೆ.

ಮಗಳು ಅಲ್ಲಿರುವುದರಿಂದ ಅಂಥ ಅಂಗಡಿಗಳನ್ನು ಸುತ್ತುವ ಯೋಗ ನನಗೂ ಬಂತು. ಹೆಂಗಸರಿಗೆ ಬಂದೂಕಿನ ಮಾತೇಕೆ ಎಂದು ಮೂಗೆಳೆಯಬೇಡಿ. ಆ ಸಾಧನಗಳನ್ನು ಸಾಲಾಗಿ ಜೋಡಿಸಿಟ್ಟರೆ ಅಡಿಗೆಮನೆಯ ಕಪಾಟು ತೆರೆದಂತೆಯೇ ಕಾಣುತ್ತದೆ. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದು ಹಿಡಿ ತಿರುಗಿಸುವ ಯಂತ್ರ, ಥೇಟ್ ಕಾಯಿ ತುರಿಯುವುದರ ಹಾಗೆ. ಕಾಫಿ ಪುಡಿ ಅಳೆಯುವಂಥ ಪುಟ್ಟ ಚಮಚ. ಸೀಸ ಕರಗಿಸುವ ಬಾಣಲೆ, ಎರೆಯುವ ಸೌಟು, ಗುಂಡಿನ ಅಚ್ಚು. ಶಾವಿಗೆ ಒರಳಿನಂತೆ ಮೇಲಿಂದ ಒತ್ತುವ ಪ್ರೆಸ್ಸು. ನೂರು ನೂರೈವತ್ತು ವರ್ಷಗಳ ಹಿಂದೆ ಇದು ಮನೆಗೆಲಸದ ಪಕ್ಕದಲ್ಲೇ ಕೂತಿದ್ದ ಕೆಲಸ.

ತೋಟಾ ಎಂದರೆ ನಾಲ್ಕು ವಸ್ತು: ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಬೆಂಕಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ಹಾರಿಸಿದಾಗ ಕೊನೆಯ ಮೂರು ಹೋಗುತ್ತವೆ, ಕೊಳವೆ ಉಳಿಯುತ್ತದೆ. ನಾಲ್ಕರಲ್ಲಿ ಬೆಲೆಯುಳ್ಳದ್ದು ಅದೇ. ಕಲಾಯಿ ಹೋಯಿತೆಂದು ಹಿತ್ತಾಳೆ ಪಾತ್ರೆಯನ್ನು ಯಾರಾದರೂ ತಿಪ್ಪೆಗೆ ಎಸೆಯುತ್ತಾರೆಯೇ? ಹಳೆಯ ಕೇಪನ್ನು ತಳ್ಳಿ ತೆಗೆ, ಹೊಸದನ್ನು ಕೂರಿಸು, ಮದ್ದು ಅಳೆದು ಹಾಕು, ಮನೆಯಲ್ಲೇ ಎರೆದ ಗುಂಡನ್ನು ಬಾಯಿಗಿಟ್ಟು ಒತ್ತು. ಪೇಟೆಯಿಂದ ದಿನಗಟ್ಟಲೆ ದಾರಿ ದೂರದಲ್ಲಿದ್ದ ಒಕ್ಕಲಿಗೆ ಇದು ದೊಡ್ಡ ಉಳಿತಾಯ.

ಈ ಕೇಪಿನದೇ ಒಂದು ತಮಾಷೆ ಇದೆ. 1866ರಲ್ಲಿ ಇಬ್ಬರು ಬೇರೆಬೇರೆಯಾಗಿ ಎರಡು ಬಗೆಯ ಕೇಪುಗಳಿಗೆ ಪೇಟೆಂಟ್ ಪಡೆದರು. ಒಬ್ಬ ಅಮೆರಿಕದ ಹಿರಾಮ್ ಬರ್ಡನ್, ಇನ್ನೊಬ್ಬ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್. ಬಾಕ್ಸರನ ಪದ್ಧತಿಯಲ್ಲಿ ಕೊಳವೆಯ ತಳದ ನಟ್ಟನಡುವೆ ಒಂದೇ ತೂತು. ಒಳಗಿನಿಂದ ಒಂದು ಕಡ್ಡಿ ತೂರಿಸಿದರೆ ಹಳೆಯ ಕೇಪು ಉದುರುತ್ತದೆ. ಬರ್ಡನ್ನನದರಲ್ಲಿ ಪಕ್ಕದಲ್ಲಿ ಸಣ್ಣ ತೂತುಗಳು. ಹಳೆಯ ಕೇಪು ತೆಗೆಯುವುದು ಗೋಳು. ಕೊನೆಗೆ ಆದದ್ದೇನು ಗೊತ್ತೆ? ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವನದು ಯುರೋಪಿನಲ್ಲಿ! ಮನೆಯಲ್ಲಿ ತೋಟಾ ತುಂಬುವ ರೂಢಿ ಅಮೆರಿಕದಲ್ಲಿ ಅಷ್ಟು ಬೆಳೆಯುವುದಕ್ಕೆ ಆ ನಟ್ಟನಡುವಿನ ತೂತು ಒಂದು ಮುಖ್ಯ ಕಾರಣ.

ಅಡಕತ್ತರಿಯಂಥದ್ದು ಎಂದೆನಲ್ಲ, ಅದನ್ನು ಮನೆಮಾತು ಮಾಡಿದವನು ಜಾನ್ ಬಾರ್ಲೊ. 1884ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ನಿನಲ್ಲಿ ಐಡಿಯಲ್ ಎಂಬ ಕಂಪನಿ ತೆರೆದ. ಕೆಲವು ಮಾದರಿಗಳಲ್ಲಿ ಒಂದು ತುದಿಯಲ್ಲಿ ಗುಂಡಿನ ಅಚ್ಚು, ನಡುವೆ ಕೇಪು ಕೂರಿಸುವ ಜಾಗ, ಇನ್ನೊಂದೆಡೆ ಗುಂಡು ಒತ್ತುವ ಜಾಗ, ಎಲ್ಲವೂ ಒಂದೇ ಇಕ್ಕಳದಲ್ಲಿ. ಜೇಬಿಗೆ ಹಾಕಿಕೊಂಡು ಕಾಡಿಗೆ ಹೋಗಬಹುದಿತ್ತು. 1925ರಲ್ಲಿ ಲೈಮನ್ ಕಂಪನಿ ಅದನ್ನು ಕೊಂಡಿತು. ಐಡಿಯಲ್ ಹೆಸರು ಕೊರೆದ ಸಾಧನ ಕಂಡರೆ ಸಂಗ್ರಾಹಕರ ಕಣ್ಣು ಈಗಲೂ ಅರಳುತ್ತದೆ.

ಮದ್ದಿನ ತೂಕ ಗ್ರೇನಿನಲ್ಲಿ. ಗ್ರೇನ್ ಎಂದರೆ ಧಾನ್ಯದ ಕಾಳು. ಬಾರ್ಲಿ ಕಾಳಿನಿಂದ ಹುಟ್ಟಿದ ಅಳತೆ. ಎರಡು ಗ್ರೇನ್ ಸೇರಿದರೆ ಹತ್ತಿರ ಹತ್ತಿರ ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ. 1873ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡ ತೋಟಾದ ಹೆಸರೇ 45-70: ಗುಂಡಿನ ಅಗಲ ಇಂಚಿನ ನೂರರಲ್ಲಿ 45 ಪಾಲು, ಕಪ್ಪು ಮದ್ದು 70 ಗ್ರೇನ್, ಅಂದರೆ ನಾಲ್ಕೂವರೆ ಗ್ರಾಮಿನಷ್ಟು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಚರಿತ್ರೆ ಕಲಿಸುವವಳಿಗೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಾಣದ ಇನ್ನೊಂದು ಸಂಗತಿಯೂ ನೆನಪಾಗುತ್ತದೆ. 1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆಗಳ, ಅಲ್ಲಿನವರು ಬೈಸನ್ ಎನ್ನುವ ಪ್ರಾಣಿಗಳ, ಕಗ್ಗೊಲೆ ನಡೆಯಿತು. ಆ ಚರ್ಮದಿಂದ ಕಾರ್ಖಾನೆಯ ಯಂತ್ರಗಳಿಗೆ ಪಟ್ಟೆ ಮಾಡಬಹುದೆಂದು ತಿಳಿದದ್ದೇ ತಡ, ಬೇಟೆಗಾರರು ಗಾಡಿ ಕಟ್ಟಿಕೊಂಡು ಹೊರಟರು. ತೋಟಾವನ್ನೇ ಕೊಂಡು ತುಂಬಿಕೊಂಡಿದ್ದರೆ ಅವರಿಗೆ ಗಿಟ್ಟುತ್ತಿರಲಿಲ್ಲ. ಅವರ ಗಾಡಿಯಲ್ಲಿದ್ದದ್ದು ಮದ್ದಿನ ಪೀಪಾಯಿ, ಸೀಸದ ಗಟ್ಟಿ, ಕೇಪಿನ ಡಬ್ಬ, ಈ ಸಾಧನ. ಹಗಲು ಹೊಡೆದ ಖಾಲಿ ಕೊಳವೆಗಳನ್ನು ಆರಿಸಿ ತಂದು, ರಾತ್ರಿ ಬಿಡಾರದ ಬೆಂಕಿಯ ಮುಂದೆ ಸೀಸ ಕರಗಿಸಿ ತುಂಬುತ್ತಿದ್ದರು. ಮರುದಿನ ಮತ್ತೆ ಅದೇ. ಚರ್ಮ ಸುಲಿದುಕೊಂಡು ಮಾಂಸವನ್ನು ಬಯಲಲ್ಲೇ ಕೊಳೆಯಲು ಬಿಟ್ಟರು. ಕೋಟಿಗಟ್ಟಲೆ ಇದ್ದ ಪ್ರಾಣಿಗಳನ್ನು 1889ರಲ್ಲಿ ವಿಲಿಯಂ ಹಾರ್ನಡೆ ಲೆಕ್ಕ ಹಾಕಿದಾಗ, ಕೆನಡಾದವೂ ಸಾಕಿದವೂ ಸೇರಿ, ಸಿಕ್ಕಿದ್ದು 1,091. ಕಾಸಿಗೆ ಕಾಸು ಉಳಿಸುವ ಸಾಧನವೇ ಅಷ್ಟು ದೊಡ್ಡ ದುಂದಿಗೆ ಕೈಕೊಟ್ಟಿತು. ಹಿತ್ತಾಳೆಯ ಚೂರು ಎಸೆಯಲು ಮನಸ್ಸು ಬಾರದವರಿಗೆ ಇಡೀ ಪ್ರಾಣಿಯನ್ನು ಎಸೆಯಲು ಮನಸ್ಸು ಬಂತು.

ಆ ಪ್ರಾಣಿಯನ್ನೇ ನಂಬಿ ಬದುಕಿದ್ದ ಮೂಲನಿವಾಸಿಗಳು ಸುಮ್ಮನೆ ಕೂರಲಿಲ್ಲ. 1874ರ ಜೂನ್ 27ರ ನಸುಕಿನಲ್ಲಿ ಕೊಮಾಂಚಿ, ಶೈಯೆನ್, ಕಯೋವ ಯೋಧರು ಟೆಕ್ಸಾಸಿನ ಅಡೋಬಿ ವಾಲ್ಸ್ ಎಂಬ ವ್ಯಾಪಾರದ ಠಾಣ್ಯದ ಮೇಲೆ ಬಿದ್ದರು. ಬೇಟೆಗಾರರಿಗೆ ಮದ್ದು, ಸೀಸ ಮಾರುತ್ತಿದ್ದ ಜಾಗ ಅದು. ಮುತ್ತಿಗೆ ಹಾಕಿದವರಿಗೆ ಅದು ಬೀಳದಿರಲು ಇದೂ ಒಂದು ಕಾರಣ. ಒಳಗಿದ್ದವರು 28 ಗಂಡಸರು, ಒಬ್ಬಳೇ ಹೆಂಗಸು. ಹೆಸರು ಹ್ಯಾನಾ ಓಲ್ಡ್ಸ್. ಗಂಡನೊಡನೆ ಅಲ್ಲಿ ಊಟದ ಮನೆ ನಡೆಸುತ್ತಿದ್ದವಳು. ದಾಳಿಯಲ್ಲಿ ಬದುಕುಳಿದ ಆ ಗಂಡ, ಕೆಲ ದಿನಗಳಾದ ಮೇಲೆ ಕಾವಲಿನ ಏಣಿ ಇಳಿಯುವಾಗ ತನ್ನದೇ ಬಂದೂಕು ಹಾರಿ ಸತ್ತ. ಪುಸ್ತಕಗಳಲ್ಲಿ ಆ ಮುತ್ತಿಗೆಯಲ್ಲಿ ದೂರದ ಗುರಿ ಹೊಡೆದವನ ಕಥೆ ಪುಟಗಟ್ಟಲೆ ಬರುತ್ತದೆ, ಹ್ಯಾನಾಳಿಗೆ ಎರಡು ಸಾಲು.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಬೇರೆಯೇ ಠೀವಿ. ಅಲ್ಲಿ ಹಕ್ಕಿ ಹೊಡೆಯುವ ಕಾಗದದ ತೋಟಾ. ಬಾಯಿ ಮಡಿಸಲು ಮೇಜಿಗೆ ಬಿಗಿಯುವ ಹಿತ್ತಾಳೆಯ ಯಂತ್ರ, ನುಣುಪಾದ ಮರದ ಹಿಡಿ. ಶೆಫೀಲ್ಡಿನ ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್ ಇಂಥ ಉಪಕರಣಗಳಿಗೂ ಮದ್ದಿನ ಬುರುಡೆಗಳಿಗೂ ಹೆಸರಾಗಿತ್ತು. ಚಹಾದ ಕೆಟಲುಗಳಿಗೂ! 1879ರ ಸುಮಾರಿಗೆ ಕ್ರಿಸ್ಟೋಫರ್ ಡ್ರೆಸ್ಸರ್ ಅವರಿಗಾಗಿ ರೂಪಿಸಿದ ಕೆಟಲುಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಚಹಾ ಬಸಿಯುವ ಮೂತಿಯನ್ನೂ ಮದ್ದು ಸುರಿಯುವ ಮೂತಿಯನ್ನೂ ಒಂದೇ ಕಾರ್ಖಾನೆ ಮಾಡುತ್ತಿತ್ತು.

ಮದ್ದಿನ ವಿಷಯದಲ್ಲಿ ಹೆಂಗಸರ ಚುರುಕು ಕಾಣಬೇಕಾದರೆ ಆನಿ ಓಕ್ಲಿಯನ್ನು ನೋಡಬೇಕು. ಬಫೆಲೊ ಬಿಲ್ಲನ ತಂಡದಲ್ಲಿ ಗುರಿ ಹೊಡೆದು ಲೋಕಪ್ರಸಿದ್ಧಳಾದವಳು. ಅವಳಿಗೆ ಇಂಗ್ಲೆಂಡಿನ ಶುಲ್ಟ್ಸೆ ಮದ್ದೇ ಆಗಬೇಕು. 1889ರಲ್ಲಿ ತಂಡ ಪ್ಯಾರಿಸ್ಸಿಗೆ ಹೋದಾಗ ಫ್ರಾನ್ಸಿನಲ್ಲಿ ಹೊರಗಿನ ಮದ್ದು ತರುವಂತಿರಲಿಲ್ಲ. ಅದನ್ನು ಬಿಸಿನೀರಿನ ರಬ್ಬರ್ ಚೀಲಗಳಿಗೆ ತುಂಬಿ, ತಂಡದ ಹೆಂಗಸರ ಅಗಲ ಲಂಗಗಳ ಒಳಗೆ ಅಡಗಿಸಿ ಗಡಿ ದಾಟಿಸಿದೆನೆಂದು ಅವಳೇ ಹೇಳಿಕೊಂಡಿದ್ದಳು. ಸುಂಕದವನು ಲಂಗದ ಸುಳಿವಿಗೆ ಹೋಗುವಂತಿಲ್ಲವಲ್ಲ!

ಹೊಗೆಯಿಲ್ಲದ ಮದ್ದು ಬಂದಮೇಲೆ ಮನೆಗೆಲಸದ ಈ ನೆಮ್ಮದಿ ಕೆಟ್ಟಿತು. ಕಪ್ಪು ಮದ್ದು ಕೊಳವೆಯನ್ನು ಪೂರ್ತಿ ತುಂಬುತ್ತಿತ್ತು. ಎರಡು ಸಲ ಹಾಕಿದರೆ ಹೊರಚೆಲ್ಲುತ್ತಿತ್ತು. ಹೊಸ ಮದ್ದಿಗೆ ಶಕ್ತಿ ಹೆಚ್ಚು, ಬೇಕಾದದ್ದು ಕಡಿಮೆ. ಯಾವುದೋ ಮಾತಿನ ಭರದಲ್ಲಿ ಎರಡು ಸಲ ಸುರಿದರೂ ಕೊಳವೆ ಹಿಡಿಸಿಕೊಂಡುಬಿಡಬಹುದು, ಬಂದೂಕು ಹಿಡಿಸಿಕೊಳ್ಳದು. ಸಾಲದ್ದಕ್ಕೆ ಆಗಿನ ಕೇಪಿನಲ್ಲಿದ್ದ ಪಾದರಸ ಹಿತ್ತಾಳೆಗೆ ಹತ್ತಿ ಅದನ್ನು ಪೆಡಸು ಮಾಡುತ್ತಿತ್ತು. ಹಳೆಯ ಮದ್ದಿನ ಮಸಿಯಾದರೂ ಪಾದರಸವನ್ನು ಹೀರಿಕೊಳ್ಳುತ್ತಿತ್ತು, ಹೊಸದರಲ್ಲಿ ಆ ಮಸಿಯೂ ಇಲ್ಲ.

ಮತ್ತೆ ಜೀವ ಬಂದದ್ದು ಎರಡನೇ ಮಹಾಯುದ್ಧದ ಅಭಾವದಲ್ಲಿ. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬಲ್ಲಿ ಫ್ರೆಡ್ ಹಂಟಿಂಗ್‌ಟನ್ ಎಂಬಾತ ತಂದೆಯ ಲಾಂಡ್ರಿಯ ಹಿಂಭಾಗದಲ್ಲಿ ಗುಂಡು ಒತ್ತುವ ಅಚ್ಚುಗಳನ್ನು ಮಾಡತೊಡಗಿದ. ಮುಂದೆ ಬಟ್ಟೆ ಇಸ್ತ್ರಿ, ಹಿಂದೆ ಅಚ್ಚು! ಅದೇ ಮುಂದೆ ಆರ್‌ಸಿಬಿಎಸ್ ಎಂಬ ದೊಡ್ಡ ಕಂಪನಿಯಾಯಿತು. ಅಲ್ಲಿಯ ಹಸಿರು ಬಣ್ಣದ ಎರಕದ ಪ್ರೆಸ್ಸುಗಳು ಅಜ್ಜನಿಂದ ಮೊಮ್ಮಗನಿಗೆ ಬರುತ್ತವೆ. ಹಾಳಾಗುವ ಜಾತಿಯವಲ್ಲ, ನಮ್ಮ ರುಬ್ಬುವ ಕಲ್ಲಿನಂತೆ.

ನಮ್ಮಲ್ಲಿ ಕೇಪಿನ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು, ತೆಂಗಿನ ನಾರು, ಚರೆ ಹಾಕಿ ಗಜದಿಂದ ಜಡಿಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅಜ್ಜ ಜಗಲಿಯಲ್ಲಿ ಮದ್ದಿನ ಡಬ್ಬ ತೆರೆದರೆಂದರೆ ಅಜ್ಜಿ ಒಲೆಯಿಂದ ಕೊಳ್ಳಿ ಹಿರಿದು ನೀರು ಚಿಮುಕಿಸುತ್ತಿದ್ದರು, ಮಕ್ಕಳನ್ನು ಹಿತ್ತಿಲಿಗೆ ಅಟ್ಟುತ್ತಿದ್ದರು. ಮುಗಿಯಿತು ಎಂದು ಅಜ್ಜ ಕೂಗುವವರೆಗೆ ಆ ಮನೆಯಲ್ಲಿ ಕಾಫಿಯೂ ಇಲ್ಲ.

ಅಮೆರಿಕದಲ್ಲಿ ಹಳೆಯ ಸಾಧನಗಳನ್ನು ಬರಿದೇ ಗೋಡೆಗೆ ತೂಗುಹಾಕದೆ ಬಳಸುವವರೂ ಇದ್ದಾರೆ. ಅಂಗಡಿಯಲ್ಲಿ ತೋಟಾ ಸಿಗದ ಹಳೆಯ ಬಂದೂಕಿಗೆ ಬೇರೆ ದಾರಿಯೇ ಇಲ್ಲ. ಹಳೆಯ ಅಚ್ಚಿನಲ್ಲಿ ಎರೆದ ಗುಂಡು ಹೊರಬಿದ್ದಾಗ ಹೊಸ ಕಲಾಯಿಯ ಹಾಗೆ ಮಿನುಗುತ್ತದೆ. ಆದರೆ ಅವರ ಅಜ್ಜಂದಿರು ಸೀಸ ಕರಗಿಸುತ್ತಿದ್ದದ್ದು ಅಡಿಗೆ ಒಲೆಯ ಮೇಲೆ, ಅನ್ನದ ಪಾತ್ರೆಯ ಪಕ್ಕದಲ್ಲಿ. ಸೀಸ ಮಕ್ಕಳ ಮಿದುಳಿಗೆ ವಿಷವೆಂದು ತಿಳಿದ ಮೇಲೆ ಈಗ ಆ ಕೆಲಸವನ್ನು ಗಾಳಿಯಾಡುವ ಕೊಟ್ಟಿಗೆಗೆ ಒಯ್ದಿದ್ದಾರೆ. ಮುಗಿಸಿ ಬಂದವರು ಕೈ ತಿಕ್ಕಿ ತೊಳೆದು, ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು.