ಕತಲ್ ರಾತ್ರಿ, ಕತ್ತಲ ರಾತ್ರಿ

ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಅಲಾಯಿ ಹಬ್ಬದ, ಅಂದರೆ ಮೊಹರಂನ, ಒಂಬತ್ತನೆಯ ರಾತ್ರಿಗೆ ಎರಡು ಹೆಸರು. ಕೆಲವರ ಬಾಯಲ್ಲಿ ಅದು ಕತಲ್ ರಾತ್ರಿ, ಕೆಲವರ ಬಾಯಲ್ಲಿ ಕತ್ತಲ ರಾತ್ರಿ. ಮೊದಲನೆಯದು ಅರಬ್ಬಿಯ ‘ಕತ್ಲ್’, ಅಂದರೆ ಕೊಲೆ. ಕ್ರಿ.ಶ. 680ರ ಅಕ್ಟೋಬರ್ 10ರಂದು ಕರ್ಬಲಾದ ಬಯಲಿನಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ತಮ್ಮವರೊಂದಿಗೆ ಹತರಾದರು. ಅದರ ಹಿಂದಿನ ರಾತ್ರಿಯನ್ನು ನೆನೆಯುವ ಮಾತು ಇದು. ಎರಡನೆಯದು ಅಪ್ಪಟ ಕನ್ನಡ. ಅರಬ್ಬಿ ಮಾತು ಪಾರಸಿಯನ್ನೂ ದಖನಿಯನ್ನೂ ದಾಟಿ ಎರೆಸೀಮೆಗೆ ಬಂದಾಗ ಇಲ್ಲಿಯ ಕಿವಿ ಅದರೊಳಗೆ ತನ್ನದೇ ಮಾತೊಂದನ್ನು ಕೇಳಿಸಿಕೊಂಡಿತು.

ಆಕಾಶ ಮಾತ್ರ ಈ ಅರ್ಥವನ್ನು ಒಪ್ಪುವುದಿಲ್ಲ. ಮೊಹರಂ ಚಾಂದ್ರಮಾನದ ತಿಂಗಳು. ಒಂಬತ್ತನೆಯ ರಾತ್ರಿ ಎಂದರೆ ಚಂದ್ರ ಅರ್ಧಕ್ಕಿಂತ ದೊಡ್ಡವನು, ನಡುರಾತ್ರಿ ಕಳೆದ ಮೇಲೆ ಮುಳುಗುವವನು. ಕೆಳಗೆ ಅಲಾಯಿ ಕುಣಿಯಲ್ಲಿ ಕಟ್ಟಿಗೆ ಧಗಧಗ ಉರಿಯುತ್ತಿರುತ್ತದೆ. ಊರಿಗೆ ಊರೇ ಎಚ್ಚರವಾಗಿರುತ್ತದೆ. ಇಷ್ಟು ಬೆಳಕಿದ್ದರೂ ಜನ ಅದನ್ನು ಕತ್ತಲ ರಾತ್ರಿ ಎಂದೇ ಕರೆಯುತ್ತಾರೆ. ಇದು ತಪ್ಪು ಉಚ್ಚಾರ, ತಿದ್ದಿಕೊಳ್ಳಬೇಕು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ನಾಳೆ ಸಾಯಲಿರುವ ಮಗನನ್ನು ಕಾಯುತ್ತ ಕೂತ ರಾತ್ರಿಗೆ ಕತ್ತಲೆಂದೇ ಹೆಸರು. ಅರಬ್ಬಿಯ ಮಾತು ನಡೆದದ್ದನ್ನು ಹೇಳಿತು, ಕನ್ನಡದ ಮಾತು ಉಳಿದವರ ಪಾಡನ್ನು ಹೇಳಿತು.

ಈ ಹಬ್ಬದ ಮಾತುಗಳೆಲ್ಲ ಹೀಗೆ ಅರ್ಥ ಬದಲಿಸಿಕೊಂಡೇ ಇಲ್ಲಿ ನೆಲೆಯಾದವು. ದಖನಿಯ ‘ಅಲಾವಾ’ ಬೆಂಕಿಯ ಕುಣಿ ಅಷ್ಟೇ. ಕನ್ನಡದಲ್ಲಿ ಅದು ಅಲಾಯಿ ಆಗಿ ಕುಣಿಗೂ, ಕುಣಿಯ ಸುತ್ತಲಿನ ಕುಣಿತಕ್ಕೂ, ಇಡೀ ಹಬ್ಬಕ್ಕೂ, ಕೊನೆಗೆ ದೇವರಿಗೂ ಹೆಸರಾಯಿತು. ‘ರಿವಾಯತ್’ ಎಂದರೆ ಒಬ್ಬರಿಂದ ಒಬ್ಬರು ಕೇಳಿ ದಾಟಿಸಿದ ವರದಿ. ಹದೀಸುಗಳನ್ನು ಒರೆಗೆ ಹಚ್ಚುವ ವಿದ್ವಾಂಸರ ಮಾತು. ನಮ್ಮಲ್ಲಿ ರಿವಾಯತ ಪದ ಎಂದರೆ ಮೇಳ ಕಟ್ಟಿ ಹಾಡುವ ಕನ್ನಡದ ಹಾಡು. ಹುಸೇನರ ತಾಯಿ ಫಾತಿಮಾ ಅಲ್ಲಿ ಹಡೆದವ್ವನಾಗಿ ಅಳುತ್ತಾಳೆ. ಹಾಡುವವರಲ್ಲಿ ಮುಸ್ಲಿಮರಷ್ಟೇ ಇಲ್ಲ, ಕುರುಬರೂ ನಾಯಕರೂ ಲಿಂಗಾಯತರೂ ದಲಿತರೂ ಇದ್ದಾರೆ. ಮುಸ್ಲಿಂ ಮನೆ ಒಂದೂ ಇಲ್ಲದ ಊರುಗಳಲ್ಲೂ ದೇವರು ಕೂಡುತ್ತವೆ. ಬೆಂಗಳೂರಿಗೆ ಗುಳೆ ಹೋದವರು ಯಾವ ಹಬ್ಬ ತಪ್ಪಿಸಿದರೂ ಇದನ್ನು ತಪ್ಪಿಸದೆ ಬಸ್ಸು ಹತ್ತುತ್ತಾರೆ.

ಕುಣಿಯ ಸುತ್ತ ಎದ್ದು ಕೇಳುವ ‘ದೂಲಾ’ ಎಂಬ ಕೂಗು ನನ್ನನ್ನು ಬಹಳ ಕಾಡಿದೆ. ಅದು ದುಲ್ಹಾ, ಮದುಮಗ. ಹುಸೇನರ ಅಣ್ಣ ಹಸನರ ಮಗ ಕಾಸಿಮನಿಗೆ ಯುದ್ಧದ ಮುನ್ನಾದಿನ ಮದುವೆಯಾಯಿತು, ಮೈಮೇಲಿನ ಅರಿಸಿನ ಆರುವ ಮೊದಲೇ ಅವನು ಹೆಣವಾದ ಎಂಬುದು ದಖನಿನ ಉದ್ದಕ್ಕೂ ಹಾಡಿಕೊಂಡು ಬಂದ ಕಥೆ. ಜಾಫರ್ ಷರೀಫ್ ಬರೆದ ‘ಕಾನೂನ್-ಎ-ಇಸ್ಲಾಂ’ 1832ರಲ್ಲಿ ಹೆರ್ಕ್ಲಾಟ್ಸ್ ಅವರ ಇಂಗ್ಲಿಷ್ ಅನುವಾದದಲ್ಲಿ ಅಚ್ಚಾದಾಗಲೇ ಅಲಾವಾ ಕುಣಿ, ಅದರ ಸುತ್ತಲಿನ ಕುಣಿತ, ಈ ಕೂಗು ಎಲ್ಲವೂ ಅದರಲ್ಲಿ ದಾಖಲಾಗಿದ್ದವು. ಕೂಗುವ ಹುಡುಗರಲ್ಲಿ ಬಹಳ ಮಂದಿಗೆ ಅದರ ಅರ್ಥ ತಿಳಿದಿರುವುದಿಲ್ಲ. ಮದುಮಗನನ್ನು ಕರೆಯುತ್ತಿದ್ದೇವೆ ಎಂದು ಗೊತ್ತಿಲ್ಲದೆಯೇ ಅವರ ದನಿ ಮದುವೆಮನೆಯ ಹುರುಪಿನಲ್ಲಿ ಏರಿ ಸಾವಿನಮನೆಯ ಭಾರದಲ್ಲಿ ಇಳಿಯುತ್ತದೆ.

ಸತ್ತ ಮದುಮಗನಿಗಾಗಿ ಅತ್ತ ಇನ್ನೊಂದು ಜನ ಇತ್ತು. ಕರ್ಬಲಾ ಇರುವ ಯೂಫ್ರಟೀಸ್ ಸೀಮೆಯ ಕೆಳಹರವಿನಲ್ಲಿ, ಹುಸೇನರಿಗಿಂತ ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆ, ಸುಮೇರಿನವರು ದುಮುಜಿ ಎಂಬ ಕುರಿಗಾಹಿ ದೇವರನ್ನು ಹಾಡಿ ಅಳುತ್ತಿದ್ದರು. ಅವನು ಇನನ್ನಾ ದೇವಿಯ ಗಂಡ. ಅವರಿಬ್ಬರ ಒಲವಿನ ಹಾಡುಗಳೂ ಇವೆ, ಅವನ ಸಾವಿನ ಹಾಡುಗಳೂ ಇವೆ. ಪಾತಾಳದ ದೂತರು ಅಟ್ಟಿಸಿಕೊಂಡು ಬಂದು ಅವನನ್ನು ಹಿಡಿದೊಯ್ಯುತ್ತಾರೆ. ಹೆಂಡತಿ, ತಾಯಿ, ತಂಗಿ ಗೆಷ್ಟಿನನ್ನಾ ಅಳುತ್ತಾರೆ. ತಂಗಿಯಂತೂ ಅಣ್ಣನ ಬದಲು ಅರ್ಧ ವರ್ಷ ತಾನೇ ಪಾತಾಳದಲ್ಲಿರಲು ಹೋಗುತ್ತಾಳೆ. ಬೈಬಲ್ಲಿನ ಯೆಹೆಜ್ಕೇಲನ ಗ್ರಂಥದಲ್ಲಿ ಜೆರುಸಲೇಮಿನ ದೇವಾಲಯದ ಬಾಗಿಲಲ್ಲಿ ಹೆಂಗಸರು ತಮ್ಮೂಜನಿಗಾಗಿ ಅಳುತ್ತ ಕೂತಿದ್ದಾರೆ, ಅದೇ ದುಮುಜಿಗಾಗಿ. ಇರಾಕಿನಲ್ಲಿ ಜುಲೈ ತಿಂಗಳಿಗೆ ಇಂದಿಗೂ ತಮ್ಮೂಜ್ ಎಂದೇ ಹೆಸರು.

ಆ ಅಳುವಿನಿಂದಲೇ ಈ ಅಳು ಹುಟ್ಟಿತು ಎಂದು ಗೆರೆ ಎಳೆಯುವ ಆಸೆ ಕೆಲವರಿಗಿದೆ. ನನಗಿಲ್ಲ. ಹುಸೇನರು ಇತಿಹಾಸದ ಮನುಷ್ಯರು, ಅನ್ಯಾಯಕ್ಕೆ ತಲೆಬಾಗದೆ ಪ್ರಾಣ ಕೊಟ್ಟವರು. ದುಮುಜಿ ಬೇಸಗೆಗೆ ಒಣಗುವ ಹುಲ್ಲುಗಾವಲಿನ ದೇವರು. ಕರ್ಬಲಾದಲ್ಲಿ ಅಣ್ಣನಿಗಾಗಿ ಅತ್ತ ಜೈನಬರನ್ನೂ ಗೆಷ್ಟಿನನ್ನಾಳನ್ನೂ ಒಂದೇ ಎನ್ನಲು ಬರುವುದಿಲ್ಲ. ಆದರೂ ಸಾವಿನ ಕಥೆಯನ್ನು ತಂಗಿಯ ಬಾಯಿಂದ ಕೇಳಬೇಕೆಂಬ ಹಂಬಲ ಎರಡೂ ಕಡೆ ಇದೆ.

ನಮ್ಮ ಸೀಮೆಯ ಜನ ಹುಸೇನರನ್ನು ದೇವರೆಂದೇ ಕರೆಯುತ್ತಾರೆ. ಅಲಾಯಿ ಕುಣಿಗೆ ಗುದ್ದಲಿ ಬಿದ್ದ ಮೇಲೆ ದೇವರು ಕೂಡುತ್ತವೆ, ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತವೆ. ಮುದಗಲ್ಲಿನ ಕೋಟೆಯ ಮುಂದೆ ಹಸನ್, ಹುಸೇನರ ಆಲಂ ಎಂಬ ಲಾಂಛನಗಳು ಎದುರುಬದುರಾಗುವ ಗಳಿಗೆಗೆ ಜನಸಾಗರವೇ ಸೇರುತ್ತದೆ. ದೇವರು ಸಾಯುವುದುಂಟೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ, ಏಕೆಂದರೆ ಇಲ್ಲಿ ಜೋಕುಮಾರ ಇದ್ದ. ಭಾದ್ರಪದದ ಅಷ್ಟಮಿಗೆ ಹುಟ್ಟಿ, ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕೂತು, ಹೆಂಗಸರ ತಲೆಯ ಮೇಲೆ ಮನೆಮನೆ ತಿರುಗಿ, ಹುಣ್ಣಿಮೆಗೆ ಸಾಯುವ ಮಣ್ಣಿನ ಹುಡುಗ. ಗಣಪ ಕಡುಬು ತಿಂದು ಹೋಗಿ ಭೂಲೋಕ ಸುಖವಾಗಿದೆ ಎನ್ನುತ್ತಾನೆ. ಮಳೆಯಿಲ್ಲ, ಬೆಳೆಯಿಲ್ಲ ಎಂಬ ನಿಜವನ್ನು ಶಿವನಿಗೆ ಮುಟ್ಟಿಸುವವನು ಸತ್ತುಹೋದ ಜೋಕುಮಾರ ಎಂದು ರೈತರು ನಂಬಿದ್ದಾರೆ. ಏಳು ದಿನದ ದೇವರಿಗಾಗಿ ಅಳಲು ಬಲ್ಲ ಊರಿಗೆ ದೂರದ ಮರಳುಗಾಡಿನ ಸಾವು ಪರಕೀಯ ಅನ್ನಿಸಲಿಲ್ಲ.

ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕೆತ್ತಿದೆ, ಶೋಕವಿಲ್ಲದವನು. ಕಲ್ಲಿನ ಮೇಲಿನ ಆ ಹೆಸರನ್ನು ಬಿಡಿಸಿ ಓದಲು ಲಿಪಿ ಬಲ್ಲವರು ಬೇಕಾದರು. ಶೋಕದ ಮಾತುಗಳನ್ನು ಅದೇ ಮಸ್ಕಿಯ ಓಣಿಗಳು ಬಾಯಲ್ಲೇ ಉಳಿಸಿಕೊಂಡವು. ಸುಮೇರಿನಲ್ಲಿ ಶೋಕದ ಮಾತುಗಳು ಬರಹದಲ್ಲೂ ಉಳಿದವು. ಅಲ್ಲಿಯ ಅಳುವಿನ ಹಾಡುಗಳಿಗೆ ಎಮೆಸಾಲ್ ಎಂಬ ಬೇರೆಯೇ ನುಡಿಬಗೆ ಇತ್ತು. ದೇವಿಯರ ಮಾತನ್ನೂ ಅದರಲ್ಲೇ ಬರೆಯುತ್ತಿದ್ದರು. ಗಲಾ ಎಂಬ ಅರ್ಚಕರು ಅದರಲ್ಲೇ ಹಾಡುತ್ತಿದ್ದರು. ಸುಮೇರಿಯನ್ ಆಡುಮಾತಾಗಿ ಸತ್ತು ಸಾವಿರದೈನೂರು ವರ್ಷಗಳಿಗೂ ಮಿಕ್ಕಿ, ಕ್ರಿಸ್ತಪೂರ್ವ ಮೊದಲ ಶತಮಾನದವರೆಗೂ, ಆ ಹಾಡುಗಳನ್ನು ಮಣ್ಣಿನ ಹಲಗೆಗಳ ಮೇಲೆ ನಕಲು ಮಾಡುತ್ತಲೇ ಇದ್ದರು. ಸಾಲಿನ ನಡುವೆ ಅಕ್ಕಾಡಿಯನ್ ಅರ್ಥ ಬರೆದುಕೊಂಡರು. ಎಮೆಸಾಲ್ ಮಾತುಗಳಿಗೆಂದೇ ಮೂರು ಅಂಕಣದ ಪಟ್ಟಿಯೊಂದನ್ನೂ ಮಾಡಿದರು: ಒಂದರಲ್ಲಿ ಎಮೆಸಾಲ್, ಒಂದರಲ್ಲಿ ಸುಮೇರಿಯನ್, ಒಂದರಲ್ಲಿ ಅಕ್ಕಾಡಿಯನ್.

ಅಂಥದೊಂದು ಪಟ್ಟಿ ನಮ್ಮ ಅಲಾಯಿ ಹಬ್ಬಕ್ಕೆ ಬೇಕು. ರಹಮತ್ ತರೀಕೆರೆಯವರಂಥವರು ಮೊಹರಂ ಪರಂಪರೆಯ ಬಗ್ಗೆ ಊರೂರು ತಿರುಗಿ ಬರೆದಿದ್ದಾರೆ. ಮಾತುಗಳನ್ನು ಒಂದೊಂದಾಗಿ ಹೆಕ್ಕುವ ಕೆಲಸವನ್ನು ಸಿಂಧನೂರು, ಲಿಂಗಸುಗೂರಿನ ಕಾಲೇಜು ಹುಡುಗರು ಹುಡುಗಿಯರು ಮುಂದಿನ ಹಬ್ಬಕ್ಕೇ ಶುರು ಮಾಡಬಹುದು. ಒಂದು ಅಂಕಣದಲ್ಲಿ ಊರಿನವರು ಆಡುವ ಮಾತು, ಪಕ್ಕದಲ್ಲಿ ದಖನಿ ಅಥವಾ ಅರಬ್ಬಿ ಮೂಲ, ಮೂರನೆಯದರಲ್ಲಿ ಮೇಳದ ಹಿರಿಯರು ಹೇಳುವ ಅರ್ಥ. ದೂಲಾ, ಅಲಾಯಿ, ರಿವಾಯತ, ಲಾಡಿ, ಪಂಜಾ, ದಫನ್. ಕತಲ್ ಎಂಬ ಮಾತಿನ ಎದುರು ಕೊಲೆ ಎಂದು ಬರೆದ ಮೇಲೆ ಮೂರನೆಯ ಅಂಕಣದಲ್ಲಿ ಕತ್ತಲು ಎಂದೂ ಬರೆಯಲಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕದೆ.