ಗೋಡೆ ಬೆಳ್ಳಗಾಯ್ತು, ಇಲಿ ಹಾಗೇ ಉಳೀತು: ಪ್ಲೇಗ್ ಕಾಲದ ಮನೆ ಕ್ಲೀನಿಂಗ್ ಕಥೆ

ಹಬ್ಬ ಹತ್ತಿರ ಬಂತು ಅಂದ್ರೆ ನಮ್ಮ ಮನೆಗಳಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಅಟ್ಟದ ಮೇಲಿನ ಪಾತ್ರೆ ಕೆಳಗೆ ಇಳಿಯುತ್ತೆ. ಫ್ಯಾನಿನ ಧೂಳು ತಲೆ ಮೇಲೆ ಬೀಳುತ್ತೆ. ಮಂಚ ಸರಿಸಿದ್ರೆ ಹೋದ ವರ್ಷ ಕಳೆದುಹೋಗಿದ್ದ ಇಯರ್‌ಫೋನ್ ಸಿಗುತ್ತೆ. ಪುರುಸೊತ್ತಿಲ್ಲದವರು ಮೊಬೈಲ್‌ನಲ್ಲೇ ‘ಡೀಪ್ ಕ್ಲೀನಿಂಗ್’ ಬುಕ್ ಮಾಡ್ತಾರೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ರೂಮು, ಎಲ್ಲಾ ನಾವೇ ಹೇಳ್ತೀವಿ.

ಈಗ ಸ್ವಲ್ಪ ಬೇರೆ ಥರ ಯೋಚಿಸಿ. ನೀವು ಕರೆದೇ ಇಲ್ಲ, ಆದ್ರೂ ಬಾಗಿಲು ಬಡೀತಾರೆ. ಕ್ಲೀನ್ ಮಾಡೋರ ಜೊತೆ ಸಿಪಾಯಿಗಳೂ ಇದ್ದಾರೆ. ಅಡುಗೆಮನೆ, ದೇವರಮನೆ ಯಾವುದೂ ನೋಡದೆ ಒಳಗೆ ನುಗ್ತಾರೆ. ಹಾಸಿಗೆ, ಬಟ್ಟೆ ಬೀದಿಗೆ ಎಸೆದು ಬೆಂಕಿ ಹಚ್ತಾರೆ. ಸುಮಾರು 125 ವರ್ಷದ ಹಿಂದೆ ನಮ್ಮ ದೇಶದಲ್ಲಿ ಇದು ನಿಜವಾಗ್ಲೂ ನಡೆದಿತ್ತು. ಇವತ್ತಿನ ಕಥೆ ಅದೇ.

1896ರ ಸೆಪ್ಟೆಂಬರ್. ಬಾಂಬೆಯ ಬಂದರಿನ ಪಕ್ಕದ ಮಾಂಡ್ವಿ. ಕಾಳಿನ ಗೋದಾಮುಗಳು ತುಂಬಿದ್ದ ಏರಿಯಾ. ಅಲ್ಲಿ ಡಾ. ಅಕಾಸಿಯೋ ವಿಯೇಗಾಸ್ ಅನ್ನೋ ವೈದ್ಯರು ರೋಗಿಯೊಬ್ಬರನ್ನು ನೋಡಿ, ಇದು ಪ್ಲೇಗ್ ಅಂತ ಗುರುತಿಸಿದ್ರು. ಪ್ಲೇಗಿನ ರೋಗಾಣು ಯಾವುದು ಅನ್ನೋದು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಪತ್ತೆಯಾಗಿತ್ತು. ಆದ್ರೆ ಅದು ಒಬ್ಬರಿಂದ ಒಬ್ಬರಿಗೆ ಹೇಗೆ ಹೋಗುತ್ತೆ? ಅದು ಸ್ಪಷ್ಟವಾಗಿರಲಿಲ್ಲ. ಕೊಳಕು ನೆಲ, ಕತ್ತಲೆ ಕೋಣೆ, ಕೆಟ್ಟ ಗಾಳಿಯಿಂದಲೇ ಬರುತ್ತೆ ಅಂತ ಅಧಿಕಾರಿಗಳು ನಂಬಿದ್ರು.

ಸರಿ, ಹಾಗಾದ್ರೆ ಕ್ಲೀನ್ ಮಾಡಿ! ಚರಂಡಿಗೆ ಕಾರ್ಬಾಲಿಕ್ ಆಸಿಡ್ ಬೆರೆಸಿದ ನೀರು ಹರೀತು. ಮನೆ ಮನೆಗೂ ಸುಣ್ಣ ಬಳಿದ್ರು. ಬಿಸಿಲು ಬೀಳಲಿ ಅಂತ ಮಾಡಿನ ಹೆಂಚು ತೆಗೆದ್ರು. ವಾಸಕ್ಕೆ ಯೋಗ್ಯವಲ್ಲ ಅನ್ನಿಸಿದ ಮನೆ ಮೇಲೆ ‘ಯು.ಎಚ್.ಎಚ್.’ ಅಂತ ಗುರುತು ಹಾಕಿದ್ರು. ಅಂದ್ರೆ ಇಲ್ಲಿ ಮನುಷ್ಯರು ಇರಬಾರದು ಅಂತ. ಒಳಗೆ ಮನುಷ್ಯರು ಇದ್ರು, ಅದು ಬೇರೆ ಮಾತು.

1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ಕೊರೊನಾ ಬಂದಾಗ ಸರ್ಕಾರಗಳು ಕೈಗೆತ್ತಿಕೊಂಡಿದ್ದೂ ಇದೇ ಹಳೇ ಕಾಯ್ದೆಯನ್ನ. ಪುಣೆಯಲ್ಲಂತೂ ಡಬ್ಲ್ಯೂ. ಸಿ. ರ‍್ಯಾಂಡ್ ಅನ್ನೋ ಅಧಿಕಾರಿಯ ಕೈಕೆಳಗೆ ಬ್ರಿಟಿಷ್ ಸೈನಿಕರೇ ಮನೆಗಳಿಗೆ ನುಗ್ಗಿದ್ರು. ಹೆಂಗಸರು, ರೋಗಿಗಳು ಅಂತ ನೋಡಲಿಲ್ಲ. ಜನರ ಸಿಟ್ಟು ಎಷ್ಟು ಏರಿತು ಅಂದ್ರೆ, 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದ್ರು. ಕೆಲವು ದಿನಗಳ ನಂತರ ಆತ ಸತ್ತ.

ರೈಲಿನ ದಾರಿ ಹಿಡಿದು ಪ್ಲೇಗ್ ನಮ್ಮ ಕಡೆಗೂ ಬಂತು. ಹುಬ್ಬಳ್ಳಿ ತತ್ತರಿಸಿತು. 1898ರ ಆಗಸ್ಟ್‌ನಲ್ಲಿ ಬೆಂಗಳೂರು. ಪೇಟೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ವು. ಮೈಸೂರು ಸಂಸ್ಥಾನ ವಿ. ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಮಾಡಿತು. ಇಲ್ಲೂ ಅದೇ ತಪಾಸಣೆ, ಅದೇ ಶೆಡ್ಡುಗಳ ಕ್ಯಾಂಪು, ಅದೇ ಸುಣ್ಣ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನ ದಂಗೆ ಎದ್ರು, ಗುಂಡು ಹಾರಿತು.

ಇಷ್ಟೆಲ್ಲಾ ಮಾಡಿದ ಮೇಲೆ ಪ್ಲೇಗ್ ನಿಂತಿತಾ? ಇಲ್ಲ. ಯಾಕೆ ನಿಲ್ಲಲಿಲ್ಲ ಅನ್ನೋದೇ ಈ ಕಥೆಯ ಮುಖ್ಯ ಭಾಗ.

1898ರಲ್ಲೇ ಕರಾಚಿಯಲ್ಲಿ ಪಾಲ್-ಲೂಯಿ ಸಿಮೋಂ ಅನ್ನೋ ಫ್ರೆಂಚ್ ವೈದ್ಯ, ರೋಗ ದಾಟಿಸೋದು ಇಲಿ ಮೈಮೇಲಿನ ಚಿಗಟ ಅಂತ ತೋರಿಸಿದ. ಬಹಳ ಜನ ನಂಬಲೇ ಇಲ್ಲ. 1905ರಲ್ಲಿ ಶುರುವಾದ ಪ್ಲೇಗ್ ಸಂಶೋಧನೆಯಲ್ಲಿ ಬಾಂಬೆಯ ಪ್ಲೇಗ್ ಮನೆಗಳೊಳಗೆ ಗಿನಿಪಿಗ್‌ಗಳನ್ನ ಬೋನಿನಲ್ಲಿ ತೂಗುಹಾಕಿ ನೋಡಿದ್ರು. ನೆಲಕ್ಕೆ ಹತ್ತಿರ ಇದ್ದ ಪ್ರಾಣಿಗೆ ರೋಗ ಬಂತು, ಚಿಗಟ ಹಾರಲಾಗದಷ್ಟು ಎತ್ತರದಲ್ಲಿ ಇದ್ದದ್ದು ಆರಾಮಾಗಿತ್ತು. ಗಾಳಿ ಇಬ್ಬರಿಗೂ ಒಂದೇ!

ಇನ್ನೊಂದು ಪ್ರಯೋಗ ಕೇಳಿ. ನೆಲಕ್ಕೆ ಬೇಕಂತಲೇ ಪ್ಲೇಗ್ ರೋಗಾಣು ಸುರಿದ್ರು. ಸಗಣಿ ಸಾರಿಸಿದ ನೆಲದಲ್ಲಿ 48 ಗಂಟೆ, ಗಾರೆ ನೆಲದಲ್ಲಿ 24 ಗಂಟೆ. ಅಷ್ಟರಲ್ಲಿ ಅದರ ಸೋಂಕು ಹರಡೋ ಶಕ್ತಿ ಹೋಗಿತ್ತು. ಅಂದ್ರೆ ಏನು? ಆಸಿಡ್ ಹಾಕಿ ಉಜ್ಜಿದ ನೆಲ, ಸುಣ್ಣ ಬಳಿದ ಗೋಡೆ, ಇವು ಅಸಲಿ ಅಪರಾಧಿಗಳೇ ಅಲ್ಲ. ಅಪರಾಧಿ ಕಾಳಿನ ಮೂಟೆ ಹಿಂದೆ, ಮಾಡಿನ ಸಂದಿಯಲ್ಲಿ ಓಡಾಡ್ತಿತ್ತು. ಇಲಿ ಸತ್ತು ತಣ್ಣಗಾದ ಕೂಡಲೇ ಚಿಗಟ ಅದನ್ನ ಬಿಟ್ಟು ಹತ್ತಿರದ ಮನುಷ್ಯರನ್ನ ಹುಡುಕ್ತಿತ್ತು.

ನಗಬೇಡಿ. 2020ರಲ್ಲಿ ನಾವೂ ಹಾಲಿನ ಪ್ಯಾಕೆಟ್‌ಗೆ ಸೋಪು ಹಚ್ಚಿ ತೊಳೆದಿದ್ವಿ. ರೋಗ ಮುಖ್ಯವಾಗಿ ಗಾಳಿಯಲ್ಲಿ ಬರ್ತಿತ್ತು, ನಾವು ಪ್ಯಾಕೆಟ್ ಉಜ್ಜುತ್ತಿದ್ವಿ. ಭಯ ಆದಾಗ ಕಣ್ಣಿಗೆ ಕಾಣೋದನ್ನ ಉಜ್ಜೋದು ಮನುಷ್ಯರ ಸ್ವಭಾವ.

ಹಾಗಾದ್ರೆ ಆಗಿನ ನಮ್ಮ ಜನಕ್ಕೆ ಏನೂ ಗೊತ್ತಿರಲಿಲ್ವಾ? ಗೊತ್ತಿತ್ತು. ಮನೆಯಲ್ಲಿ ‘ಇಲಿ ಬಿತ್ತು’ ಅಂದ್ರೆ ಸಾಕು, ಹಳ್ಳಿಗಳಲ್ಲಿ ಪಾತ್ರೆಪಗಡೆ ಕಟ್ಟಿಕೊಂಡು ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಳ್ತಿದ್ರು. ಅನಂತಮೂರ್ತಿ ಅವರ ‘ಸಂಸ್ಕಾರ’ ಓದಿದವರಿಗೆ ಅಗ್ರಹಾರದಲ್ಲಿ ಇಲಿಗಳು ಸಾಯೋ ದೃಶ್ಯ ನೆನಪಿರಬಹುದು. ಅವರಿಗೆ ಚಿಗಟದ ಲೆಕ್ಕ ತಿಳಿದಿರಲಿಲ್ಲ, ಆದ್ರೆ ಇಲಿ ಸತ್ತ ಮನೆಯಲ್ಲಿ ಇರಬಾರದು ಅನ್ನೋದು ತಿಳಿದಿತ್ತು. ಕೊನೆಗೆ ಸರ್ಕಾರವೂ ಉಜ್ಜೋದಕ್ಕಿಂತ ಖಾಲಿ ಮಾಡಿಸೋದೇ ವಾಸಿ ಅನ್ನೋ ದಾರಿಗೆ ಬಂತು.

ಬೆಂಗಳೂರಿನ ನಕ್ಷೆಯಲ್ಲಿ ಇದರ ಗುರುತು ಇವತ್ತಿಗೂ ಇದೆ. ಮಲ್ಲೇಶ್ವರ, ಬಸವನಗುಡಿ ಬೆಳೆದಿದ್ದು ಈ ಪ್ಲೇಗಿನ ಹೊತ್ತಲ್ಲೇ. ಅಗಲ ರಸ್ತೆ, ಮನೆ ಮಧ್ಯೆ ಜಾಗ, ಗಾಳಿ, ಬೆಳಕು. ಹಾಗೇ ಮಲ್ಲೇಶ್ವರದ ಮನೆಗಳ ಹಿಂದೆ ಕಿರಿದಾದ ಓಣಿಗಳಿವೆ, ಗಮನಿಸಿದ್ದೀರಾ? ಕನ್ಸರ್ವೆನ್ಸಿ ಲೇನ್ ಅಂತಾರೆ. ಮಲ ಹೊರುವ ಕಾರ್ಮಿಕರು ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗೋಕೆ ಮಾಡಿದ ದಾರಿ. ಮುಂಬಾಗಿಲು ಸ್ವಚ್ಛವಾಗಿ ಕಾಣ್ತಿತ್ತು. ಆ ಸ್ವಚ್ಛತೆಯ ಭಾರ ಹೊತ್ತವರು ಮಾತ್ರ ಕಾಣ್ತಿರಲಿಲ್ಲ.

ಸೋ, ಈ ಸಲ ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಗೋಡೆ, ಟೈಲ್ಸ್ ಖಂಡಿತ ಉಜ್ಜಿ. ಆದ್ರೆ ಮೊದಲು ಅಕ್ಕಿ ಡಬ್ಬದ ಹಿಂದೆ, ಸಿಂಕ್ ಕೆಳಗಿನ ಪೈಪ್ ಸಂದಿಯಲ್ಲಿ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಕೆಲಸಕ್ಕೆ ಬೇರೆಯವರು ಬಂದ್ರೆ ಮುಂಬಾಗಿಲಿನಿಂದಲೇ ಕರೀರಿ, ಕೈಗೆ ಗ್ಲೌಸ್ ಕೊಡಿ, ಒಂದು ಲೋಟ ಕಾಫಿನೂ ಕೊಡಿ.

ನಿಮ್ಮ ಮನೆಯ ಅಜ್ಜ ಅಜ್ಜಿ ‘ಪ್ಲೇಗಿನ ಗುಡಿಸಲು’ ಅಂತ ಏನಾದ್ರೂ ಹೇಳಿದ್ದು ನೆನಪಿದ್ರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.