ಚೇಳುಮೀನು ಮತ್ತು ಸೆಂಟ್ರಲ್ ಕಾಲೇಜು

ಭಾರತದಲ್ಲಿ ಮೀನುಗಳ ಪ್ರೇರಿತ ಸಂತಾನೋತ್ಪತ್ತಿಯ ಚರಿತ್ರೆಯನ್ನು 1957ರ ಜುಲೈ 10ರಿಂದ ಆರಂಭಿಸುವುದು ವಾಡಿಕೆ. ಅಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಮೀನು ಸಾಕಣೆಯ ದೃಷ್ಟಿಯಿಂದ ಈ ಗೌರವ ಸಲ್ಲತಕ್ಕದ್ದೇ. ಆದರೆ ಅದರ ಹಿಂದಿನ ವರ್ಷವೇ ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಎಲ್. ಎಸ್. ರಾಮಸ್ವಾಮಿ ಮತ್ತು ಬಿ. ಐ. ಸುಂದರರಾಜ್ ಅವರು ಚೇಳುಮೀನಿನಲ್ಲಿ ಇದನ್ನೇ ಸಾಧಿಸಿದ ವರದಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಗಿತ್ತು.

ರಾಮಸ್ವಾಮಿಯವರು ಮೂಲತಃ ಅಸ್ಥಿಗಳ ಅಭ್ಯಾಸಿ. ಅವರ ವಿಭಾಗವನ್ನು ಕಟ್ಟಿದ ಸಿ. ಆರ್. ನಾರಾಯಣರಾಯರು 1920ರಲ್ಲಿಯೇ ಮೈಸೂರು ಸೀಮೆಯ ಸಿಹಿನೀರಿನ ಹೊಸ ಮೀನುಗಳನ್ನು ವರ್ಣಿಸಿದ್ದರು. ರಾಮಸ್ವಾಮಿಯವರು ಮೊದಲು ಕಪ್ಪೆಗಳ ತಲೆಬುರುಡೆಯನ್ನು ಪರಿಶೀಲಿಸಿ, ಬಳಿಕ ಮೀನುಗಳತ್ತ ತಿರುಗಿದರು. ಗುಡ್ಡಗಾಡಿನ ತೊರೆಗಳಲ್ಲಿ ಬಂಡೆಗೆ ಅಂಟಿಕೊಂಡು ಬಾಳುವ ಹೋಮಲಾಪ್ಟರಿಡ್ ಮೀನುಗಳು ಒಂದೇ ಮೂಲದವಲ್ಲವೆಂದು ಸುಂದರಲಾಲ್ ಹೋರಾ 1932ರಲ್ಲಿ ವಾದಿಸಿದ್ದರು. ಅವುಗಳ ತಲೆಬುರುಡೆಯನ್ನು ಕುರಿತು ರಾಮಸ್ವಾಮಿಯವರು 1948ರಲ್ಲಿ ಬರೆದರು. ಮುಂದೆ ಗೆಂಡೆ ವರ್ಗದ ಅಸ್ಥಿಪಂಜರಗಳ ಲೇಖನಮಾಲೆ 1957ರವರೆಗೂ ನಡೆಯಿತು. ಎಲುಬನ್ನು ಬಿಟ್ಟು ಹಾರ್ಮೋನಿಗೆ ಹೋದರೆಂಬುದು ಆದ್ದರಿಂದ ಸರಿಯಲ್ಲ. ಎರಡೂ ಕೆಲಸಗಳು ಕೆಲವು ಕಾಲ ಜೊತೆಯಾಗಿಯೇ ಸಾಗಿದವು.

ಚೇಳುಮೀನೇ ಏಕೆ? ಮುಳ್ಳಿನ ಏಟಿಗೆ ಹೆದರಬೇಕಾದ ಮೀನಿದು, ನಿಜ. ಆದರೆ ಗಾಳಿಯನ್ನು ಉಸಿರಾಡಬಲ್ಲ ಅಂಗವಿರುವುದರಿಂದ ಅಲ್ಪ ನೀರಿನಲ್ಲಿಯೂ ಬದುಕಿರುತ್ತದೆ. ಮೀನುಕೊಳಗಳಿಲ್ಲದ ಕಾಲೇಜಿಗೆ ಇದಕ್ಕಿಂತ ಅನುಕೂಲವಾದ ಪ್ರಾಣಿ ದುರ್ಲಭ. ಮಳೆಗಾಲದಲ್ಲಿ ಅದರ ಅಂಡಾಶಯ ತುಂಬಿರುತ್ತದೆ. ಬಂಧನದಲ್ಲಿ ಮಾತ್ರ ಮೊಟ್ಟೆ ಹೊರಬೀಳುವುದಿಲ್ಲ. ಆ ಕೊನೆಯ ಹೆಜ್ಜೆಗೆ ಬೇಕಾದ ಪ್ರಚೋದನೆಯನ್ನು ಪಿಟ್ಯುಟರಿ ಸಾರ ಒದಗಿಸಿತು. ಹಮೀದ್ ಖಾನ್ ಅವರು ಸಸ್ತನಿಗಳ ಪಿಟ್ಯುಟರಿಯನ್ನು ಮೃಗಾಲ್ ಮೀನಿಗೆ ಚುಚ್ಚಿದ ಪ್ರಯೋಗದ ಟಿಪ್ಪಣಿ 1938ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಬಂದಿತ್ತು. ಆ ಪತ್ರಿಕೆಯ ಮೊದಲ ಸಂಪಾದಕರು ನಾರಾಯಣರಾಯರೇ. ಈ ನಂಟನ್ನು ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1958ರಲ್ಲಿ ರಾಮಸ್ವಾಮಿ ಮತ್ತು ಎ. ಬಿ. ಲಕ್ಷ್ಮಣ್ ಅವರು ಸಸ್ತನಿ ಹಾರ್ಮೋನುಗಳಿಂದಲೂ ಚೇಳುಮೀನು ಮೊಟ್ಟೆಯಿಡುವುದನ್ನು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು.

ಅನಂತರ ರಾಮಸ್ವಾಮಿಯವರು ಜೈಪುರದ ರಾಜಸ್ಥಾನ ವಿಶ್ವವಿದ್ಯಾಲಯಕ್ಕೂ ಸುಂದರರಾಜ್ ಅವರು ದೆಹಲಿ ವಿಶ್ವವಿದ್ಯಾಲಯಕ್ಕೂ ತೆರಳಿದರು. ಚೇಳುಮೀನು ದೆಹಲಿಯಲ್ಲಿ ಮುಂದುವರಿಯಿತು. ಪಿಟ್ಯುಟರಿಯನ್ನು ತೆಗೆದ ಮೀನಿನಲ್ಲಿಯೂ ಕಾರ್ಟಿಕೋಸ್ಟೆರಾಯ್ಡ್‌ಗಳು ಅಂಡೋತ್ಸರ್ಗವನ್ನು ಉಂಟುಮಾಡುತ್ತವೆಂಬುದನ್ನು 1966ರಲ್ಲಿ ಸುಂದರರಾಜ್ ಮತ್ತು ಗೋಸ್ವಾಮಿ ಅಲ್ಲಿಂದಲೇ ತೋರಿಸಿದರು.